ಸ್ಥೂಲಕಾಯಕ್ಕೆ ಶಸ್ತ್ರಚಿಕಿತ್ಸೆ

ಅತಿಸ್ಥೂಲರ ಮೈಭಾರವನ್ನು ಶಸ್ತ್ರದಿಂದ ಇಳಿಸಬಹುದೇ? ವಾಚಕರೇ, ಈ ವಿದ್ಯೆಯ ಚರಿತ್ರೆ ಬಹು ಹಳೆಯದಲ್ಲ. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್, ಲಿನ್ನರ್, ನೆಲ್ಸನ್ ಎಂಬುವರು ಪ್ರಕಟಿಸಿದ ಸಂಶೋಧನೆ ಇದಕ್ಕೆ ದಾರಿ ತೆರೆಯಿತು. ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ಹಾದಿಯಿಂದ ತಪ್ಪಿಸುವ ಕ್ರಮವದು. ತೂಕವೇನೋ ಇಳಿಯಿತು, ಆದರೆ ಹಲವರ ಯಕೃತ್ತು ಕೆಟ್ಟಿತು, ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟಿತು, ಕೆಲವರು ಪ್ರಾಣವನ್ನೇ ತೆತ್ತರು. ಕಡೆಗೆ ವೈದ್ಯರು ಅದನ್ನು ಕೈಬಿಟ್ಟರು.

ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಬೇರೊಂದು ಸಂಗತಿಯನ್ನು ಗಮನಿಸಿದ್ದರು: ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರಿಗೆ ಮತ್ತೆ ಮೈ ಬರುವುದು ಕಷ್ಟವಾಗಿತ್ತು. ಇದನ್ನೇ ಆಧಾರವಾಗಿಟ್ಟುಕೊಂಡು 1966ರಲ್ಲಿ ಅವರು ಇಟೊ ಅವರೊಡನೆ, ಜಠರದ ಮೇಲ್ಭಾಗವನ್ನು ಬೇರ್ಪಡಿಸಿ ಕರುಳಿಗೆ ಜೋಡಿಸುವ ಕ್ರಮವನ್ನು ಕೈಗೊಂಡರು.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆಯು, ಹಲವು ಶಾಸ್ತ್ರಗಳನ್ನು ಬಲ್ಲವರು ಕೂಡಿಯೇ ರೋಗಿಯನ್ನು ಆರಿಸಬೇಕು, ಮುಂದೆ ಜೀವಮಾನವೆಲ್ಲ ನೋಡಿಕೊಳ್ಳಬೇಕು ಎಂದಿತು. ಕತ್ತಿಯ ಕೆಲಸ ಕೆಲವು ಗಳಿಗೆಯದು; ಕಾಯುವ ಕೆಲಸ ಬಾಳುದ್ದಕ್ಕೂ.