ಹೆಣ್ಣಾಳಿನ ಕೂಲಿ, ಸರ್ಕಾರದ ದಾವೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಕೊಬ್ಬರಿಯ ಬೆಂಬಲ ಬೆಲೆಗೆ ಧರಣಿ ನಡೆಯುವುದು ಹೊಸದೇನಲ್ಲ. ಅದೇ ಕೊಬ್ಬರಿಯ ಕೆಲಸಕ್ಕೆ ಬರುವವರಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ಮಾತು ಮಾತ್ರ ಬೇಡಿಕೆಗಳ ಪಟ್ಟಿಗೆ ಏರುವುದು ಅಪರೂಪ. ಒಂದೇ ಬಗೆಯ ಕೆಲಸಕ್ಕೆ ಹೀಗೆ ಎರಡು ಕೂಲಿ ಕೊಡುವುದು ಅಪರಾಧವಾಗಿ ಅರ್ಧ ಶತಮಾನವಾಯಿತು. ಅಷ್ಟೇ ಅಲ್ಲ, ಹೆಂಗಸರ ಗುಂಪಿನ ಪರವಾಗಿ ಸರ್ಕಾರವೇ ಕೇಸು ನಡೆಸುವುದಕ್ಕೂ ನಮ್ಮಲ್ಲಿ ದಾರಿಯಿದೆ.

ಈ ದಾರಿಯ ಹಳೆಯ ಗುರುತೊಂದು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಸಿಗುತ್ತದೆ. ಕಡಿಮೆ ಕೂಲಿ ಪಡೆದವರ ಪರವಾಗಿ ಕಾರ್ಮಿಕ ನಿರೀಕ್ಷಕನೇ ಅರ್ಜಿ ಹಾಕಬಹುದು ಎಂದಿತು ಅದರ 20ನೇ ಕಲಂ. ಎಷ್ಟೇ ಮಂದಿಯಿದ್ದರೂ ಒಂದೇ ಅರ್ಜಿ ಸಾಕು ಎಂದಿತು 21ನೇ ಕಲಂ. ಬಾಕಿ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರಕ್ಕೂ ಅವಕಾಶವಿತ್ತು. ಸಿವಿಲ್ ನ್ಯಾಯಾಲಯದಲ್ಲಿ ಹಲವರ ಪರವಾಗಿ ಒಬ್ಬರು ದಾವೆ ಹೂಡಬೇಕಾದರೆ ನ್ಯಾಯಾಲಯದ ಅನುಮತಿ ಬೇಕು, ಉಳಿದವರಿಗೆಲ್ಲ ನೋಟಿಸು ಹೋಗಬೇಕು. ಕಾರ್ಮಿಕ ಕಾನೂನು ಆ ತೊಡಕನ್ನು ಅಂದೇ ಬದಿಗಿಟ್ಟಿತ್ತು.

ಹೆಣ್ಣು ಗಂಡಿನ ಭೇದಕ್ಕೆ ನೇರವಾಗಿ ಕೈಹಾಕಿದ್ದು ಸಮಾನ ವೇತನ ಕಾಯ್ದೆ. ಸಮಾನ ಕೂಲಿಯ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1958ರಲ್ಲೇ ಒಪ್ಪಿಗೆ ಕೊಟ್ಟಿದ್ದರೂ ಸುಗ್ರೀವಾಜ್ಞೆ ಬಂದದ್ದು ಅಂತಾರಾಷ್ಟ್ರೀಯ ಮಹಿಳಾ ವರ್ಷವಾದ 1975ರಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಅದರ ನಿಯಮಗಳು ಸರಳವಾಗಿಯೇ ಇದ್ದವು. ಒಂದೇ ಸಂಸ್ಥೆಯಲ್ಲಿ ದುಡಿಯುವ, ಒಂದೇ ಬಗೆಯ ದೂರುಳ್ಳ ಕೆಲಸಗಾರರೆಲ್ಲ ಸೇರಿ ಕಾರ್ಮಿಕ ಅಧಿಕಾರಿಯ ಮುಂದೆ ಒಂದೇ ಅರ್ಜಿ ಕೊಡಬಹುದಿತ್ತು. ಆದರೆ ಮಾಲೀಕನನ್ನು ಕ್ರಿಮಿನಲ್ ಕಟಕಟೆಗೆ ತರುವ ಕೀಲಿಕೈಯನ್ನು ಸರ್ಕಾರ ತನ್ನ ಸೊಂಟದಲ್ಲೇ ಇಟ್ಟುಕೊಂಡಿತು. ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಮೊಕದ್ದಮೆ. 1987ರ ತಿದ್ದುಪಡಿಯ ನಂತರವಷ್ಟೇ ಅನ್ಯಾಯಕ್ಕೊಳಗಾದ ಹೆಂಗಸು ಅಥವಾ ಮಾನ್ಯತೆ ಪಡೆದ ಸೇವಾಸಂಸ್ಥೆ ನೇರವಾಗಿ ನ್ಯಾಯಾಲಯದ ಬಾಗಿಲು ತಟ್ಟಲು ಸಾಧ್ಯವಾಯಿತು.

ಕಾನೂನು ಬೆಳೆದದ್ದು ಸರ್ಕಾರ ಹೂಡಿದ ಕೇಸುಗಳಿಂದಲ್ಲ ಎಂಬುದು ಈ ಚರಿತ್ರೆಯ ವಿಚಿತ್ರ. ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಕೇಳಬೇಕೆಂಬ ವಿದೇಶಾಂಗ ಸೇವೆಯ ನಿಯಮವನ್ನು 1979ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎಳೆದು ತಂದವರು ಕೊಡಗಿನ ಸಿ.ಬಿ. ಮುತ್ತಮ್ಮ, ಒಬ್ಬರೇ. ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ಹೆಣ್ಣಾಳುಗಳಿಗೆ ಆಗುತ್ತಿದ್ದ ವಂಚನೆಯನ್ನು ನ್ಯಾಯಾಲಯಕ್ಕೆ ಒಯ್ದದ್ದು ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್. ಗುತ್ತಿಗೆದಾರ ತಪ್ಪಿದರೂ ಕಾಯ್ದೆ ಪಾಲನೆ ಮಾಡಿಸುವ ಹೊಣೆ ಸರ್ಕಾರದ್ದೇ ಎಂದಿತು 1982ರ ಆ ತೀರ್ಪು. ಮುಂಬೈಯ ಸ್ಟೆನೊಗ್ರಾಫರ್ ಆಡ್ರಿ ಡಿಕೋಸ್ಟಾ ಅವರ ಸಮಾನ ವೇತನದ ಅಹವಾಲನ್ನು ಕಾಯ್ದೆಯಡಿ ನೇಮಕವಾದ ಅಧಿಕಾರಿಯೇ ಮೊದಲು ತಳ್ಳಿಹಾಕಿದ್ದ. ಅವರು ಗೆದ್ದದ್ದು ಮೇಲ್ಮನವಿಯಲ್ಲಿ, 1987ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಏರ್ ಇಂಡಿಯಾ ಗಗನಸಖಿಯರ ಪ್ರಕರಣದಲ್ಲಂತೂ ಸರ್ಕಾರ ಎದುರು ಪಾಳಯದಲ್ಲೇ ನಿಂತಿತು. ಅವರ ಸೇವಾ ಷರತ್ತುಗಳ ವ್ಯತ್ಯಾಸ ಲಿಂಗಭೇದವಲ್ಲ ಎಂದು 1979ರಲ್ಲಿ ಕೇಂದ್ರ ಘೋಷಿಸಿತ್ತು. ನ್ಯಾಯಾಲಯ 1981ರ ತೀರ್ಪಿನಲ್ಲಿ ಆ ಘೋಷಣೆಗೆ ಬೆಲೆ ಕೊಟ್ಟಿತು.

ಅಮೆರಿಕದ ಹಾದಿ ಬೇರೆ. ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 1972ರಲ್ಲಿ ತಾನೇ ದಾವೆ ಹೂಡುವ ಅಧಿಕಾರ ಸಿಕ್ಕಿತು. ಖಾಸಗಿಯವರು ಗುಂಪಿನ ದಾವೆ ಹೂಡುವಾಗ ಪಾಲಿಸಬೇಕಾದ ಬಿಗಿ ಷರತ್ತುಗಳು ಆಯೋಗಕ್ಕೆ ಅನ್ವಯಿಸುವುದಿಲ್ಲ ಎಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಇದರ ಬೆಲೆ ತಿಳಿದದ್ದು 2011ರಲ್ಲಿ. ವಾಲ್‌ಮಾರ್ಟ್ ವಿರುದ್ಧ ಸುಮಾರು 15 ಲಕ್ಷ ಹೆಂಗಸರ ಪರವಾಗಿ ಹೂಡಿದ ಖಾಸಗಿ ದಾವೆ ಅದೇ ಷರತ್ತುಗಳಿಗೆ ಎಡವಿ ಬಿತ್ತು.

ನಮ್ಮಲ್ಲಿ ಹಳೆಯ ಕಾಯ್ದೆಗಳನ್ನು ನುಂಗಿದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಿರೀಕ್ಷಕನ ಹೆಸರು ಈಗ ನಿರೀಕ್ಷಕ ಹಾಗೂ ಸುಗಮಕಾರ. ಅವನೂ, ನೋಂದಾಯಿತ ಸಂಘವೂ, ಕೆಲಸಗಾರಳೂ ಅರ್ಜಿ ಹಾಕಬಹುದು. ಕಾಲಮಿತಿ ಮೂರು ವರ್ಷ. ಕನಿಷ್ಠ ವೇತನ ಕಾಯ್ದೆಯಲ್ಲಿದ್ದ ಆರು ತಿಂಗಳಿಗೆ ಹೋಲಿಸಿದರೆ ಇದು ದೊಡ್ಡ ಲಾಭ. ನಷ್ಟವೂ ಇದೆ: ಮೊಕದ್ದಮೆಗೆ ದೂರು ಕೊಡಬಲ್ಲವರ ಪಟ್ಟಿಯಿಂದ ಸೇವಾಸಂಸ್ಥೆಗಳು ಕಾಣೆಯಾಗಿವೆ. ಸಂಘವೇ ಇಲ್ಲದ ಕೂಲಿ ಹೆಂಗಸರಿಗೆ ಇದ್ದ ಒಂದು ಆಸರೆ ಅದು.

ಈಗ ತೆಂಗಿನ ತೋಟಕ್ಕೆ ಬರೋಣ. ಇಲ್ಲಿ ಎರಡು ಕಡೆ ದಾರಿ ಕಡಿದುಹೋಗುತ್ತದೆ. ಕಾಯಿ ಕೀಳುವುದು, ಸುಲಿಯುವುದು ಗಂಡಸಿನ ಪಾಲು, ಕಾಯಿ ಆಯುವುದು, ಹೊರುವುದು, ಚಿಪ್ಪು ಬಿಡಿಸಿ ಹಸನು ಮಾಡುವುದು ಹೆಂಗಸಿನ ಪಾಲು ಎಂಬ ಹಂಚಿಕೆಯೇ ಮೊದಲ ತೊಡಕು. ಹೋಲಿಸಲು ಪಕ್ಕದಲ್ಲಿ ಅದೇ ಬಗೆಯ ಕೆಲಸ ಮಾಡುವ ಗಂಡಾಳು ಇರಬೇಕೆನ್ನುತ್ತದೆ ಕಾನೂನು. ಕೌಶಲ, ಶ್ರಮ, ಅನುಭವ, ಹೊಣೆ ನಾಲ್ಕನ್ನೂ ತೂಗಿ ಎರಡು ಕೆಲಸ ಒಂದೇ ಬಗೆಯವೋ ಅಲ್ಲವೋ ಎಂದು ಹೇಳುವ ಅಧಿಕಾರಿ ಬೇಕು, ಅವನು ತೋಟಕ್ಕೂ ಬರಬೇಕು. ಎರಡನೆಯದು ಇನ್ನೂ ಕಠಿಣ. ಗುಂಪಿನ ಅರ್ಜಿ ಒಂದೇ ಸಂಸ್ಥೆಯ ಕೆಲಸಗಾರರಿಗೆ ಎಂಬ ಷರತ್ತು 1976ರ ನಿಯಮಗಳಿಂದ ಹೊಸ ಸಂಹಿತೆಗೂ ಹರಿದುಬಂದಿದೆ. ಮೇಸ್ತ್ರಿ ಇವತ್ತು ಒಬ್ಬರ ತೋಟಕ್ಕೆ, ನಾಳೆ ಇನ್ನೊಬ್ಬರ ಅಟ್ಟದ ಮನೆಗೆ, ನಾಡಿದ್ದು ನಾರಿನ ಘಟಕಕ್ಕೆ ಕರೆದೊಯ್ಯುವ ಹತ್ತು ಹೆಂಗಸರಿಗೆ ಸಂಸ್ಥೆ ಯಾವುದು? ಹಾಜರಿ ಪುಸ್ತಕವಿಲ್ಲ, ಕೂಲಿ ಚೀಟಿಯಿಲ್ಲ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಇದೇ ಹೆಂಗಸರು ಗಂಡಸರ ಸಮಕ್ಕೆ ಕೂಲಿ ಎಣಿಸಿಕೊಂಡದ್ದು ಹೆಸರು ಹಾಜರಿ ಪಟ್ಟಿಯಲ್ಲಿ ಇದ್ದುದರಿಂದ.

ಸಂಹಿತೆಯ ಲೆಕ್ಕದಲ್ಲಿ ಗುತ್ತಿಗೆದಾರನೂ ಮಾಲೀಕನೇ. ಹಾಗಾದರೆ ಮೇಸ್ತ್ರಿಯ ತಂಡವನ್ನೇ ಒಂದು ಸಂಸ್ಥೆಯೆಂದು ಎಣಿಸಲು ಅಡ್ಡಿ ಏನು? ನಿಯಮ ರಚಿಸುವ ಅಧಿಕಾರ ರಾಜ್ಯಕ್ಕಿದೆ. ಕಾರ್ಮಿಕ ಇಲಾಖೆ ಇದೊಂದು ಸಾಲನ್ನು ತನ್ನ ನಿಯಮಗಳಲ್ಲಿ ಬರೆಯಬೇಕು, ಬೆಂಬಲ ಬೆಲೆಗೆ ಬೀದಿಗಿಳಿಯುವ ರೈತ ಸಂಘಟನೆಗಳೂ ಅದನ್ನು ಕೇಳಬೇಕು.