ಬುಕ್ಕರಾಯನ ತೀರ್ಪು

ಹೊಣಕೆರೆಯನ್ನೊಳಗೊಂಡ ನಾಗಮಂಗಲ ಸೀಮೆಯ ಒಂದು ಮಗ್ಗುಲಲ್ಲಿ ವೈಷ್ಣವರ ಮೇಲುಕೋಟೆ, ಮತ್ತೊಂದು ಮಗ್ಗುಲಲ್ಲಿ ಜೈನರ ಶ್ರವಣಬೆಳಗೊಳ. ವೇದಪ್ರಾಮಾಣ್ಯವನ್ನೊಪ್ಪದ ಜೈನರನ್ನು ವೈದಿಕರು ನಾಸ್ತಿಕರೆಂದೇ ಎಣಿಸುತ್ತಿದ್ದರು.

ವೈಷ್ಣವಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಜೈನರು ಕ್ರಿ. ಶ. 1368ರಲ್ಲಿ ಬುಕ್ಕರಾಯನಿಗೆ ಬಿನ್ನವಿಸಿದರು. ಅರಸನು ಮೇಲುಕೋಟೆಯೇ ಮೊದಲಾದ ಕ್ಷೇತ್ರಗಳ ಆಚಾರ್ಯರ ಸಮಕ್ಷಮದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಸ್ಥಿರವಾಯಿತು. ಅವರು ಮನೆಯೊಂದಕ್ಕೆ ವರ್ಷಕ್ಕೊಂದು ಹಣವನ್ನು ಕೊಡತಕ್ಕದ್ದು. ವೈಷ್ಣವನಾದ ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನಿಟ್ಟು, ಉಳಿದುದರಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸತಕ್ಕದ್ದು.

ತತ್ತ್ವವಾದದಲ್ಲಿ ಗೆದ್ದವರಾರೆಂಬುದನ್ನು ಶಾಸನವು ಹೇಳುವುದಿಲ್ಲ. ವಾದಕ್ಕೆ ತಡೆಯಿಲ್ಲ; ಪರರ ವಾದ್ಯವನ್ನು ನಿಲ್ಲಿಸುವ ಬಲಾತ್ಕಾರಕ್ಕೆ ಮಾತ್ರ ತಡೆ. ಕಾವಲಿನ ಭಾರವು ಎದುರುಪಕ್ಷದವರಿಗೇ ಬಂದಿತು. ಆದರೆ ಅದರ ವೆಚ್ಚವನ್ನು ತೆತ್ತವರು ನೊಂದವರೇ ಎಂಬುದನ್ನೂ ಈ ತೀರ್ಪನ್ನು ಹೊಗಳುವವರು ಮರೆಯಬಾರದು.