ಸ್ಲೋ ಗಾಡಿಯ ಮಾಟುಂಗಾ

ಮುಂಬಯಿಯ ಸೆಂಟ್ರಲ್ ಲೈನಿನವರಿಗೆ ಭಾನುವಾರ ಮಾಟುಂಗಾ ಎಂದರೆ ತಲೆನೋವು. ದುರಸ್ತಿಗೆಂದು ರೈಲ್ವೆಯವರು ಹಾಕುವ ಮೆಗಾಬ್ಲಾಕಿನ ಪ್ರಕಟಣೆಯಲ್ಲಿ ‘ಮಾಟುಂಗಾದಿಂದ ಮುಲುಂಡ್’ ಎಂಬ ಜೋಡಿ ಹೆಸರು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆಗ ಫಾಸ್ಟ್ ಗಾಡಿಗಳು ಇಲ್ಲಿ ಸ್ಲೋ ಹಳಿಗೆ ಹೊರಳಿಕೊಂಡು ತೆವಳುತ್ತವೆ. ಉಳಿದ ದಿನಗಳಲ್ಲಿ ಅವು ಈ ಸ್ಟೇಷನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಬದಿಗೆ ದಾದರಿನ ಜಾತ್ರೆ, ಇನ್ನೊಂದು ಬದಿಗೆ ಸಯನ್, ನಡುವೆ ಇದು.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 34 ಕಿ.ಮೀ. ಓಡಿದ ದೇಶದ ಮೊದಲ ಪ್ರಯಾಣಿಕರ ರೈಲು ಹಾದದ್ದು ಈ ಕಡೆಯಿಂದಲೇ. ಹಿಂದೆ ಭೀಮದೇವ ರಾಜ ಇಲ್ಲಿ ಆನೆ ಕಟ್ಟಿಸುತ್ತಿದ್ದ, ‘ಮಾತಂಗ’ವೇ ಮಾಟುಂಗಾ ಆಯಿತು ಎಂದು ಹೇಳುವವರಿದ್ದಾರೆ. ಕನ್ನಡದ ಕಿವಿಗೆ ಹಿತವಾದ ಕತೆ, ಅಷ್ಟೆ. ಬಡಾವಣೆ ಹುಟ್ಟಿದ ಬಗೆಗೆ ಮಾತ್ರ ಕತೆ ಬೇಕಿಲ್ಲ. 1896ರಲ್ಲಿ ಪ್ಲೇಗು ಬಂದು ಮುಂಬಯಿಯ ಒತ್ತೊತ್ತಿನ ಕೇರಿಗಳಲ್ಲಿ ಜನ ಸತ್ತರು. ಊರಿಗೆ ಗಾಳಿ ಬೆಳಕು ಬೇಕೆಂದು ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಟ್ರಸ್ಟಿನ ದಾದರ್–ಮಾಟುಂಗಾ ಯೋಜನೆಯಿಂದಲೇ ಇಲ್ಲಿ ಅಗಲ ಬೀದಿಗಳು, ಉದ್ಯಾನಗಳು, ಸಾಲುಮರಗಳು ಬಂದವು. ಹಳಿಯ ಪಶ್ಚಿಮಕ್ಕೆ 1915ರಲ್ಲಿ ಬೋಗಿ ದುರಸ್ತಿಯ ದೊಡ್ಡ ಕಾರ್ಖಾನೆ ಎದ್ದಿತು.

ಪೂರ್ವದ ಬಾಗಿಲಲ್ಲಿ ಇಳಿದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಒದ್ದೆ ಗೋಣಿಯ ಮೇಲೆ ಮಲ್ಲಿಗೆ, ಕನಕಾಂಬರ, ತುಳಸಿ. ಪಕ್ಕದಲ್ಲಿ ಸುರುಳಿ ಸುತ್ತಿದ ಬಾಳೆಲೆ. ಹೂ ಕಟ್ಟುವವಳು ಮೊಳ ಅಳೆಯುವಾಗ ಕೈಯನ್ನು ತುಸು ಮಡಚಿದಳೋ ಎಂಬ ಅನುಮಾನ ನನಗೆ ಇಲ್ಲಿಯೂ ತಪ್ಪಿಲ್ಲ. ಸ್ಟೇಷನ್ನಿಗೆ ಹತ್ತಿರದ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ, 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದು ಅಡುಗೆಮನೆಗಳಲ್ಲಿ ದುಡಿದವರು ಅವರು. ಸಂಸಾರವಿಲ್ಲದೆ ಬಾಡಿಗೆ ಕೋಣೆಯಲ್ಲಿದ್ದ ಗುಮಾಸ್ತರಿಗೆ ಎರಡು ಹೊತ್ತಿನ ಊಟ ಇಂಥ ಬೋರ್ಡಿಂಗುಗಳಲ್ಲೇ. ಈಗ ಗುಜರಾತಿ ಕುಟುಂಬಗಳೂ ಮೆಟ್ಟಿಲ ಮೇಲೆ ಕಾದು ನಿಂತು, ಬಾಳೆಲೆಯ ಮುಂದೆ ಕೂತು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತವೆ.

ತಮಾಷೆಯೆಂದರೆ, ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿ ಅನ್ನ ಬಡಿಸಿದ ಈ ಉಡುಪಿಯವರ ಊರಿಗೇ ಬಹುಕಾಲ ರೈಲಿರಲಿಲ್ಲ. ಹಡಗು, ಆಮೇಲೆ ಬಸ್ಸು. ಕೊಂಕಣ ರೈಲು ಉದ್ದಕ್ಕೂ ಓಡಿದ್ದು 1998ರಲ್ಲಿ.

ಹಳಿಯ ಎರಡೂ ದಡದಲ್ಲಿ ಕನ್ನಡವಿದೆ. ಪೂರ್ವದ ಭಾವು ದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್. ಪಶ್ಚಿಮಕ್ಕೆ, ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಸ್ಟೇಷನ್ನಿನ ಆಚೆ, 1933ರ ಕರ್ನಾಟಕ ಸಂಘ ಮತ್ತು ಅದರ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ಎರಡು ಲೈನುಗಳ ನಡುವೆ ನಡೆದುಹೋಗಲು ಮುರಿದು ಮುರಿದು ತಿರುಗುವ ಒಂದು ಸೇತುವೆಯಿದೆ, ಝಡ್ ಬ್ರಿಡ್ಜ್. ಒಂದು ಕಡೆ ಉಪನ್ಯಾಸ ಕೇಳಿ ಇನ್ನೊಂದು ಕಡೆ ನಾಟಕಕ್ಕೆ ಓಡುವವರಿಗೆ ಇದಕ್ಕಿಂತ ಸಮೀಪದ ದಾರಿ ಇಲ್ಲ. ಮಳೆಗಾಲದಲ್ಲಿ ಸೀರೆಯ ಅಂಚು ಎತ್ತಿ ಹಿಡಿದೇ ದಾಟಬೇಕು.

2017ರ ಜುಲೈಯಲ್ಲಿ ಸ್ಟೇಷನ್ ಮ್ಯಾನೇಜರರಿಂದ ಹಿಡಿದು ಟಿಕೆಟ್ ಕಿಟಕಿ, ತಪಾಸಣೆ, ಕಾವಲಿನವರೆಗೆ 41 ಮಹಿಳೆಯರಿಗೇ ಸೆಂಟ್ರಲ್ ಲೈನಿನ ಈ ಮಾಟುಂಗಾ ಸ್ಟೇಷನ್ನನ್ನು ಒಪ್ಪಿಸಿದರು. ಇಡೀ ದೇಶದಲ್ಲಿ ಇದೇ ಮೊದಲು. ಮರುವರ್ಷ ಲಿಮ್ಕಾ ದಾಖಲೆ ಪುಸ್ತಕಕ್ಕೂ ಸೇರಿತು. ಪೇಪರಿನವರು ಫೋಟೊ ತೆಗೆದುಕೊಂಡು ಹೋದರು. ಪಾಸ್ ಮಾಡಿಸಲು ಬಂದವರು ಮಾತ್ರ ಎಂದಿನಂತೆ ಚಿಲ್ಲರೆಗಾಗಿ ಜಗಳವಾಡುತ್ತಾರೆ.

ವಾರಕ್ಕೊಂದು ರಾತ್ರಿ ದಾದರಿನಿಂದ ಹೊರಡುವ ಶರಾವತಿ ಎಕ್ಸ್‌ಪ್ರೆಸ್ ಇದೇ ಸ್ಟೇಷನ್ನನ್ನು ಹಾದು ಪುಣೆ, ಹುಬ್ಬಳ್ಳಿಯ ಮೇಲೆ ಮೈಸೂರಿಗೆ ಹೋಗುತ್ತದೆ. ಇಲ್ಲಿ ಅದಕ್ಕೆ ನಿಲುಗಡೆ ಇಲ್ಲ. ಹಾಗಾಗಿ ಮಾಟುಂಗಾದ ಕನ್ನಡಿಗರು ಉಪ್ಪಿನಕಾಯಿ ಭರಣಿ, ಸೂಟ್‌ಕೇಸು ಹೊತ್ತು, ಸ್ಲೋ ಲೋಕಲ್ ಹಿಡಿದು, ಒಂದು ಸ್ಟೇಷನ್ ಹಿಂದಕ್ಕೆ ದಾದರಿಗೆ ಹೋಗುತ್ತಾರೆ. ಮುಕ್ಕಾಲು ಗಂಟೆಯ ಮೇಲೆ ಶರಾವತಿಯ ಕಿಟಕಿಯಲ್ಲಿ ಕೂತು, ತಮ್ಮ ಮನೆಯ ಬೀದಿ ಎಲ್ಲಿ ಬಂತೆಂದು ಕತ್ತಲಲ್ಲಿ ಹುಡುಕುತ್ತಾರೆ.